ಏಳು ತಲೆಮಾರಿನ ಮುಂದೆ ಹಾಸಿದ ಕಂಬಳಿ

ಸಿನಿಮಾದಲ್ಲಿ ಯಾರೂ ಮಾತನಾಡದ ಜಾಗಗಳನ್ನು ಹುಡುಕುವುದು ನನ್ನ ಕೆಲಸ. ಕಣ್ಣು ಕಾಣದವರು ಸಿನಿಮಾ ಕೇಳುವಾಗ ತೆರೆಯ ಮೇಲೆ ಯಾರು ಬಂದರು, ಯಾರು ಹೋದರು, ಯಾರು ಯಾರನ್ನು ಕಣ್ಣಲ್ಲೇ ಗದರಿಸಿದರು ಎಂದು ಹೇಳುವ ದನಿಯೊಂದು ಬೇಕು. ಆ ದನಿ ನನ್ನದು. ಪಾತ್ರಗಳು ಮಾತು ನಿಲ್ಲಿಸಿದ ಕೂಡಲೇ ನಾನು ಶುರು ಮಾಡಬೇಕು, ಅವರು ಮತ್ತೆ ಬಾಯಿ ತೆರೆಯುವುದರೊಳಗೆ ಮುಗಿಸಬೇಕು. ಸೆಕೆಂಡಿಗೆ ಎರಡು ಪದ ನನ್ನ ಲೆಕ್ಕ. ಎರಡೂವರೆಗೆ ಹೋದರೆ ಕೇಳುವವರಿಗೆ ಏದುಸಿರು ಬರುತ್ತದೆ. ಬಾಯಿ ಬಿಟ್ಟರೆ ನಿಲ್ಲಿಸದ ಇವಳು ಈ ಕೆಲಸ ಹೇಗೆ ಹಿಡಿದಳೋ ಎಂದು ನಮ್ಮ ಮನೆಯವರಿಗೆ ಇವತ್ತಿಗೂ ಆಶ್ಚರ್ಯ.

ಹರಪನಹಳ್ಳಿಯಲ್ಲಿರುವ ನನ್ನನ್ನು ಹುಡುಕಿಕೊಂಡು ಬಂದವರು ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳಲ್ಲಿ ಕಣ್ಣು ಕಾಣದವರಿಗಾಗಿ ಒಂದೊಂದು ಪ್ರದರ್ಶನ ಮಾಡಬೇಕೆಂದು ಅವರು ಹಟ ತೊಟ್ಟಿದ್ದರು. ಆರಿಸಿದ್ದು ಒಂದು ಹಳೆಯ ಕಪ್ಪು-ಬಿಳುಪಿನ ಹಾಸ್ಯಚಿತ್ರ. ಹಕ್ಕುದಾರರು ಫೋನಿನಲ್ಲೇ ಒಪ್ಪಿಗೆ ಕೊಟ್ಟು, ಎಲ್ಲಿಯೂ ಹೆಸರು ಹಾಕಬೇಡಿ ಎಂದಿದ್ದರು. ಹಾಗಾಗಿ ಇಲ್ಲಿಯೂ ಹಾಕುವುದಿಲ್ಲ.

ಆ ಚಿತ್ರವೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಒಬ್ಬ ಬಡಾಯಿ ಯಜಮಾನ, ಅವನ ದೊಡ್ಡ ಮನೆ, ಆ ಮನೆಯಲ್ಲಿ ಹನ್ನೊಂದು ಜನ. ಆಂಧ್ರದ ಕಡೆಯಿಂದ ಬಂದ ಅಡುಗೆಯವನು ತೆಲುಗಿನಲ್ಲೇ ಗೊಣಗುತ್ತಾನೆ. ಗುಮಾಸ್ತನಿಗೆ ತೊದಲು. ಯಜಮಾನನ ವಿಧವೆ ಅಕ್ಕ ಮೂಲೆಯಲ್ಲಿ ಕೂತು ಪೇಪರು ಓದುತ್ತಾಳೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಿರುತ್ತದೆ. ಫೋಟೋ ತೆಗೆಯುವ ಸಾಹೇಬರು ಹುಜೂರ್ ಹುಜೂರ್ ಎನ್ನುತ್ತಲೇ ಯಜಮಾನನ ಮಾನ ಕಳೆಯುತ್ತಾರೆ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ತೊದಲುವವನು ತೊದಲಿದರೆ ಸಾಕು, ಅದೇ ಹಾಸ್ಯ. ಇಲ್ಲಿ ಹಾಗಲ್ಲ. ತೊದಲುವ ಗುಮಾಸ್ತ ಮಾತು ಮುಗಿಸುವ ತನಕ ಎಲ್ಲರೂ ಕಾಯಬೇಕು, ಮುಗಿಸಿದ ಮೇಲೆ ಪೆಚ್ಚಾಗುವುದು ಕಾದು ನಿಂತವರು. ಒಬ್ಬೊಬ್ಬರಿಗೂ ಒಂದೊಂದು ಗೆಲುವನ್ನು ಹಂಚಿಕೊಟ್ಟ ಚಿತ್ರ ಅದು. ಅದನ್ನು ಬರೆದವರ ಕೈಗೆ ಮುತ್ತಿಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಚಿತ್ರದ ನಡುವೆ ಒಂದು ಫೋಟೋ ತೆಗೆಸುವ ದೃಶ್ಯವಿದೆ. ಮನೆಮಂದಿಯೆಲ್ಲ ಅಂಗಳದಲ್ಲಿ ಸಾಲಾಗಿ ಕೂತಿರುತ್ತಾರೆ. ಸಾಹೇಬರು ಕರಿಬಟ್ಟೆಯೊಳಗೆ ತಲೆ ಹಾಕಿ ಕ್ಯಾಮೆರಾ ಹೊಂದಿಸುತ್ತಿದ್ದರೆ, ಯಜಮಾನ ಎದೆಯುಬ್ಬಿಸಿ ತನ್ನ ವಂಶದ ಏಳು ತಲೆಮಾರುಗಳ ಪ್ರತಾಪ ಹೇಳುತ್ತಾನೆ. ಒಂದು ನಿಮಿಷ ಹತ್ತು ಸೆಕೆಂಡಿನ ಮಾತು. ನಮ್ಮ ಕಡೆ ಮದುವೆ ಮನೆಗಳಲ್ಲಿ ಇವತ್ತಿಗೂ ಅದನ್ನು ಬಾಯಿಪಾಠ ಒಪ್ಪಿಸುವವರಿದ್ದಾರೆ. ಆರನೇ ತಲೆಮಾರಾದ ಅಪ್ಪನ ಹೆಸರು ಬಂದಾಗ ಗಂಟಲು ಕಟ್ಟಿ ಐದು ಸೆಕೆಂಡು ಸುಮ್ಮನಾಗುತ್ತಾನೆ. ಆಮೇಲೆ ಎಲ್ಲರಿಗೂ ಸೀನು, ಫ್ಲ್ಯಾಶು, ಗಲಿಬಿಲಿ. ಮುಂದಿನ ದೃಶ್ಯದಲ್ಲಿ ಕೆಟ್ಟುಹೋದ ಆ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಕೂತಿರುತ್ತದೆ.

ನನ್ನ ಕಸುಬಿನ ಮೊದಲ ನಿಯಮ, ಪಾತ್ರದ ಮಾತಿನ ಮೇಲೆ ಮಾತಾಡಬಾರದು. ಕಲಿಯಲು ಬಂದವರಿಗೂ ನಾನು ಅದನ್ನೇ ಹೇಳಿಕೊಟ್ಟಿದ್ದೇನೆ. ಹಾಗಾಗಿ ಯಜಮಾನನ ಮಾತನ್ನು ಮುಟ್ಟಲಿಲ್ಲ. ಅವನು ಶುರು ಮಾಡುವ ಮೊದಲು ಸಿಗುವ ನಾಲ್ಕು ಸೆಕೆಂಡನ್ನು ಅವನ ಪೇಟಕ್ಕೂ ಮೀಸೆಗೂ ಕೊಟ್ಟೆ. ಅಪ್ಪನ ಹೆಸರಿನ ನಂತರದ ಐದು ಸೆಕೆಂಡಿಗೆ "ಯಜಮಾನ ಕಣ್ಣೊರೆಸಿಕೊಳ್ಳುತ್ತಾನೆ. ಧೂಳೆದ್ದು ಎಲ್ಲರೂ ಸೀನುತ್ತಾರೆ" ಎಂದು ಬರೆದೆ. ಗೋಡೆಯ ಫೋಟೋಗೆ ಮೂರೇ ಸೆಕೆಂಡು: "ಗೋಡೆಯ ಮೇಲೆ ಫೋಟೋ. ಎಲ್ಲರ ಮುಖವೂ ಕೆಟ್ಟಿದೆ." ಅಚ್ಚುಕಟ್ಟಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಪ್ರಯೋಗ ಕೊಟ್ಟೂರಿನಲ್ಲಿ. ಒಂದು ಸಭಾಂಗಣದಲ್ಲಿ ಮೂವತ್ತರಷ್ಟು ಜನ ಕಣ್ಣು ಕಾಣದವರು, ಅವರನ್ನು ಕರೆತಂದ ಮನೆಯವರು ಇನ್ನಷ್ಟು ಜನ. ಇಂಥ ಪ್ರಯೋಗಕ್ಕೆ ಹೋದಾಗ ನಾನು ಸಭಾಂಗಣದ ನಡುವೆ ಒಂದು ರೆಕಾರ್ಡರ್ ಇಟ್ಟುಬಿಡುತ್ತೇನೆ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಪಕ್ಕದವರನ್ನು ಕೇಳಿದರು ಎಂಬುದು ಆಮೇಲೆ ತಿದ್ದುವಾಗ ಬೇಕಾಗುತ್ತದೆ. ಅರ್ಧ ಚಿತ್ರ ಚೆನ್ನಾಗಿ ಹೋಯಿತು. ಫೋಟೋ ದೃಶ್ಯ ಬಂದಾಗ ಕಣ್ಣಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಕಾಣದವರು ಮುಖ ಅತ್ತಿತ್ತ ತಿರುಗಿಸುತ್ತ ಸುಮ್ಮನೆ ಕೂತಿದ್ದರು.

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಎದ್ದು ನಿಂತರು. ಎಪ್ಪತ್ತರ ಆಸುಪಾಸು, ಬಿಗಿಯಾಗಿ ಹೆಣೆದ ಬಿಳಿ ಜಡೆ, ಕೈಯಲ್ಲಿ ಮಡಚುವ ಕೋಲು.

"ನಿಲ್ಸ್ರಿ ಸ್ವಲ್ಪ! ಈಗ ಯಾಕ ನಕ್ರಿ ಎಲ್ಲಾರೂ? ಅಲ್ಲಿ ಏನಾತು?"

ಚಿತ್ರ ನಿಲ್ಲಿಸಿದೆವು. ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. "ಒಬ್ಬಾಕಿ ಬರ್ತಾಳ್ರಿ, ಕಂಬಳಿ ಕೊಡವ್ತಾಳ," ಎಂದ ಒಬ್ಬಾತ. "ಸೀನ್ತಾರ ನೋಡ್ರಿ," ಎಂದಳು ಇನ್ನೊಬ್ಬಳು.

ಚಿತ್ರ ನಿಲ್ಲಿಸಿ ಎಂದಿದ್ದ ನನ್ನ ದನಿಯ ದಿಕ್ಕಿಗೆ ಆಕೆ ತಿರುಗಿ ಕೇಳಿದರು. "ನೀವಲ್ಲೇನ್ರಿ ಹೇಳಾಕಿ? ಆಕಿ ಬಂದಿದ್ದನ್ನ ಹೇಳ್ಲೇ ಇಲ್ಲಲ್ಲ ನೀವು?"

ಹೌದು, ಹೇಳಿರಲಿಲ್ಲ. ಫೋಟೋ ದೃಶ್ಯಕ್ಕೆ ಒಬ್ಬ ಕಂಬಳಿ ಮಾರುವವಳು ಬರುತ್ತಾಳೆ. ಅವಳಿಗೆ ಮಾತಿಲ್ಲ, ಪಾತ್ರಕ್ಕೆ ಹೆಸರಿಲ್ಲ, ಶೀರ್ಷಿಕೆಯಲ್ಲಿ ಕಲಾವಿದೆಯ ಹೆಸರೂ ಇಲ್ಲ. ಮಾತಾಡುವ ಹನ್ನೊಂದು ಜನರನ್ನು ಹೇಳಿ ಮುಗಿಸುವುದರಲ್ಲೇ ನನ್ನ ಸೆಕೆಂಡುಗಳು ಖರ್ಚಾಗಿದ್ದವು.

"ಆಕಿ ನಮ್ಮವ್ವರಿ," ಎಂದು ಹೇಳಿ ಆಕೆ ಕೂತುಬಿಟ್ಟರು.

ಪ್ರದರ್ಶನ ಮುಗಿದ ಮೇಲೆ ನಾನು ಅವರ ಪಕ್ಕ ಹೋಗಿ ಕೂತೆ. ಹಗರಿಬೊಮ್ಮನಹಳ್ಳಿಯಲ್ಲಿ ಸಂಗೀತದ ಟೀಚರಾಗಿದ್ದವರು. ಮೂರು ವರ್ಷದವರಿದ್ದಾಗ ಜ್ವರ ಬಂದು ಕಣ್ಣು ಹೋದವಂತೆ. ತಾಯಿ ಗುಡೇಕೋಟೆ ಕಡೆಯ ಕುರಿ ಸಾಕುವ ಮನೆತನದವರು, ದನಿ ಚೆನ್ನಾಗಿತ್ತೆಂದು ನಾಟಕ ಕಂಪನಿ ಸೇರಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಆ ಚಿತ್ರಕ್ಕಾಗಿ ಕಂಪನಿಯ ಕೆಲವರನ್ನು ಮದ್ರಾಸಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಹಾಡುವವಳಿಗೆ ಮಾತಿಲ್ಲದ ಪಾತ್ರ ಕೊಟ್ಟರು. ಅದೊಂದೇ ಸಿನಿಮಾ.

"ಕೊಟ್ಟೂರಿಗೆ ಟೆಂಟ್ ಟಾಕೀಸ್ ಬಂದಿತ್ರಿ. ನಾನು ಹತ್ತು ವರ್ಷದಾಕಿ, ಅವ್ವನ ಮಗ್ಗಲಕ್ಕ ಕುಂತಿದ್ದೆ. ಅವ್ವ ನನ್ನ ಕೈ ಒತ್ತಿ, ಈಗ ನಾನು ಬಂದೆ ನೋಡು ಅಂದ್ಲು. ಆವಾಗ ಆ ಫೋಟೋದವ ಅಂತಾನಲ್ಲ, ಇವರು ನಿಂತ್ರ ಇನ್ನೂ ಎರಡು ದೀಪ ಬೇಕಾಗ್ತಾವು ಹುಜೂರ್ ಅಂತ. ನಮ್ಮವ್ವ ಕರ್ರಗಿದ್ಲು, ಅದಕ್ಕ ಆ ಮಾತು. ಆಮ್ಯಾಲೆ ಟೆಂಟಿಗೆ ಟೆಂಟೇ ನಕ್ತು. ಇಷ್ಟು ಹೊತ್ತು ನಕ್ರು ಅಂದ್ರ, ಮುಂದಿನ ಮಾತು ಕೇಳಿಸ್ಲಿಲ್ಲ ನನಗ."

"ನೀವು ಅವ್ವನ್ನ ಕೇಳ್ಲಿಲ್ವ?"

"ಕೇಳಿದ್ನೆಲ್ಲ. ಯಾಕ ನಕ್ರಬೇ ಅಂದೆ. ನಾನು ಫೋಟೋದಾಗ ಬಂದ್ನೆಲ್ಲ, ಅದಕ್ಕ ಅಂದ್ಲು. ಅಷ್ಟ. ಆದರ ಊರಾಗ ಮಂದಿ ಆಕೀನ್ನ ಎರಡು ದೀಪದಾಕಿ ಅಂತ ಕರೀತಿದ್ರು. ನಾನು ಸಣ್ಣಾಕಿ ಅಂತ ಅವ್ವ ಏನೋ ಹೇಳಿ ಮುಚ್ಚಿದ್ಲು ಅನ್ಕಂಡೆ. ಅವ್ವ ತೀರಿಕೊಂಡು ಎಷ್ಟೋ ವರ್ಷ ಆತು. ಆ ಸಿನಿಮಾ ನೋಡಿದೋರ್ನೆಲ್ಲ ಕೇಳೀನಿ. ಸುಮ್ನ ನಿಂತಿರ್ತಾಳ ಅಂತಾರ. ಸುಮ್ನ ನಿಂತಾಕೀನ್ನ ನೋಡಿ ಅಷ್ಟು ನಗ್ತಾರೇನ್ರಿ?"

ಆಕೆ ಕೋಲು ಮಡಚಿ ಮಡಿಲಲ್ಲಿ ಇಟ್ಟುಕೊಂಡರು.

"ನನಗ ಒಂದ ಗೊತ್ತಾಗಬೇಕ್ರಿ. ನಮ್ಮವ್ವನ ಬಣ್ಣಕ್ಕ ನಕ್ರೋ, ಬ್ಯಾರೆ ಏನರ ಐತೋ? ಬಣ್ಣಕ್ಕಾ ನಕ್ಕಿದ್ರ ಅದನ್ನೂ ಖರೇ ಹೇಳ್ರಿ. ಆ ಸಿನಿಮಾನ ಅಲ್ಲಿಗೆ ಬಿಟ್ಟುಬಿಡ್ತೀನಿ."

ಮನೆಗೆ ಬಂದವಳೇ ಕೊಟ್ಟೂರಿನ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ, ಚಿತ್ರದ ಧ್ವನಿಯ ಕೆಳಗೆ ಅದನ್ನು ಸಾಲು ಹೊಂದಿಸಿದೆ. ಮೇಲೆ ಯಜಮಾನನ ಮಾತಿನ ಅಲೆಗಳು, ಕೆಳಗೆ ಸಭಾಂಗಣದ ನಗೆಯ ಅಲೆಗಳು. ಎರಡು ದೀಪದ ಮಾತಿನ ಕೆಳಗೆ ಸಣ್ಣದೊಂದು ಉಬ್ಬು ಇತ್ತು. ಕಿವಿಗೊಟ್ಟು ಕೇಳಿದೆ. ಇಬ್ಬರೋ ಮೂವರೋ ಕಿಸಕ್ಕೆಂದಿದ್ದರು. ಇಲ್ಲ ಎನ್ನುವಂತಿರಲಿಲ್ಲ. ನಾಲ್ಕನೇ ತಲೆಮಾರಿನ ಕೆಳಗೆ ಒಂದು ನಗೆ, ಐದನೆಯದರ ಕೆಳಗೆ ಅದಕ್ಕಿಂತ ದೊಡ್ಡದು. ಐದು ಸೆಕೆಂಡಿನ ಮೌನದ ಕೊನೆಯಲ್ಲಿ ಅಲೆ ಪರದೆಯ ಅಂಚಿಗೆ ಬಡಿದಿತ್ತು.

ಆಮೇಲೆ ಆ ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ನೋಡಿದೆ. ಯಜಮಾನನ ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡು, ಅವಳನ್ನಷ್ಟೇ ನೋಡಿದೆ. ನಲವತ್ತು ಸಲವಾದರೂ ನೋಡಿದ ಚಿತ್ರ, ಇದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಕಂಬಳಿ ಮಾರಲು ಬಂದವಳು ಫೋಟೋ ತೆಗೆಯುತ್ತಿರುವುದನ್ನು ಕಂಡು ಸಾಲಿನ ಎಡತುದಿಗೆ ನಿಂತುಕೊಳ್ಳುತ್ತಾಳೆ. ದೀಪದ ಮಾತು ಬರುತ್ತದೆ. ಗುಮಾಸ್ತ ಅವಳ ತೋಳು ಹಿಡಿದು ಹೊರಗೆ ಬಿಟ್ಟು ಬರುತ್ತಾನೆ. ಅವನು ತಿರುಗುವಷ್ಟರಲ್ಲಿ ಅವಳು ಬಲತುದಿಯಲ್ಲಿ ವಿಧವೆ ಅಕ್ಕನ ಪಕ್ಕ ನಿಂತಿರುತ್ತಾಳೆ, ಅಕ್ಕ ಸರಿದು ಜಾಗ ಕೊಡುತ್ತಾಳೆ. ಮನೆಯ ಪುರೋಹಿತ ಶಲ್ಯ ಬೀಸಿ ಓಡಿಸುತ್ತಾನೆ. ಈ ಸಲ ಅವಳು ತುದಿಗೆ ಹೋಗುವುದೇ ಇಲ್ಲ. ಯಜಮಾನ ಮತ್ತು ಯಜಮಾನಿತಿಯ ಕುರ್ಚಿಗಳ ನಡುವಿನಿಂದ ಮುಂದೆ ಬರುತ್ತಾಳೆ, ಕಂಬಳಿ ಕೊಡವುತ್ತಾಳೆ, ನೆಲಕ್ಕೆ ಕೂರುತ್ತಾಳೆ. ಧೂಳು ಹಿಂದಿದ್ದ ಅಷ್ಟೂ ಮೂಗುಗಳಿಗೆ ಹೋಗುತ್ತದೆ. ಇಷ್ಟು ನಡೆಯುವಾಗ ಅವಳ ಮುಖದಲ್ಲಿ ಒಂದು ಎಳೆ ನಗುವಿಲ್ಲ.

ಮಾರನೆಯ ದಿನ ಟೀಚರಿಗೆ ಫೋನು ಮಾಡಿ ಹೇಳಿದೆ. ದೀಪದ ಮಾತಿಗೂ ನಕ್ಕಿದ್ದಾರೆ ಎಂಬುದನ್ನು ಮುಚ್ಚಲಿಲ್ಲ.

"ಎಷ್ಟು ಮಂದಿ?"

"ಇಬ್ರೋ ಮೂವರೋ."

"ಮತ್ತ ದೊಡ್ಡ ನಗಿ ಯಾವುದಕ್ಕ?"

"ಧೂಳಿಗೆ. ಅವ್ವ ಕಂಬಳಿ ಕೊಡವ್ತಾರೆ, ನೆಲಕ್ಕೆ ಕೂತ್ಕೊಳ್ತಾರೆ. ಎಲ್ರೂ ಸೀನ್ತಾರೆ."

"ಧೂಳಿಗೇನ್ರಿ," ಎಂದರು. ದನಿ ಇಳಿದುಹೋಗಿತ್ತು. "ಕರ್ರಗದಾಳ ಅಂದ್ರು, ಆಮ್ಯಾಲೆ ಹೊಲಸದಾಳ ಅಂತ ತೋರ್ಸಿದ್ರು ಅಂದಂಗಾತು. ನೆಲಕ್ಕ ಬ್ಯಾರೆ ಕುಂದರ್ಸ್ಯಾರ."

ನಾನು ಏನು ಹೇಳಿದೆನೋ ನೆನಪಿಲ್ಲ, ಸಮಾಧಾನದ ಮಾತು ಏನೋ ಹೇಳಿರಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ, ಅವರು ಕೇಳಿಸಿಕೊಂಡದ್ದು ಬೇರೆಯೇ ಆಗಿತ್ತು. ಆ ದೃಶ್ಯದಲ್ಲಿ ಅವಳು ಸೋತಿಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಎಂದು ಹೇಳಲು ಮಾತ್ರ ಬರುತ್ತಿರಲಿಲ್ಲ. ಪದ ಹುಡುಕುವ ಕೆಲಸ ಹಿಡಿದವಳಿಗೆ ಇದಕ್ಕಿಂತ ನಾಚಿಕೆ ಏನಿದೆ.

ಆ ವಾರವೇ ಹಗರಿಬೊಮ್ಮನಹಳ್ಳಿಗೆ ಬಸ್ಸು ಹತ್ತಿದೆ. ಟೀಚರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹಾರ್ಮೋನಿಯಂ, ಒಂದು ಮಂಚ, ಗೋಡೆಗೆ ಒರಗಿಸಿದ ಎರಡು ಕುರ್ಚಿ. ನಾನು ಕುರ್ಚಿ ಎಳೆದುಕೊಳ್ಳದೆ, ಹತ್ತಿರ ಕೂತು ಮಾತಾಡೋಣವೆಂದು ಅವರ ಮಂಚದ ಬುಡದಲ್ಲಿ ನೆಲಕ್ಕೆ ಕೂರಲು ಹೋದೆ. ಬಳೆಯ ಸದ್ದಿನಿಂದಲೇ ಅವರಿಗೆ ತಿಳಿಯಿತು.

"ಏ, ನೆಲಕ್ಕ ಕುಂದರಬ್ಯಾಡ್ರಿ! ತಡೀರಿ."

ಎದ್ದು ಹೋಗಿ ಟ್ರಂಕು ತೆರೆದು ಒಂದು ಕರಿ ಕಂಬಳಿ ತಂದರು. ಹಳೆಯದು, ಅಂಚಿಗೆ ಬಿಳಿ ಎಳೆ. ನಡುಮನೆಯಲ್ಲಿ ನಿಂತು ಅದರ ಎರಡು ಮೂಲೆ ಹಿಡಿದು ಫಟ್ ಎಂದು ಕೊಡವಿದರು. ಮತ್ತೊಮ್ಮೆ ಫಟ್. ಬಗ್ಗಿ ಹಾಸಿ, ಮಡಿಕೆಗಳನ್ನು ಅಂಗೈಯಿಂದ ಸವರಿ ತೆಗೆದು, "ಈಗ ಕುಂದರ್ರಿ," ಎಂದರು.

ನಾನು ನಿಂತೇ ಇದ್ದೆ. ಆ ಎರಡು ಫಟ್ ಸದ್ದು ನನಗೆ ಗೊತ್ತಿತ್ತು. ಚಿತ್ರದಲ್ಲಿ ಆ ಐದು ಸೆಕೆಂಡಿನ ಮೌನದಲ್ಲಿ ಅದು ಎರಡು ಸಲ ಬರುತ್ತದೆ. ಸಾಹೇಬರ ಕರಿಬಟ್ಟೆಯ ಸದ್ದು ಎಂದುಕೊಂಡಿದ್ದೆ.

"ಯಾಕ್ರೀ, ಕುಂದರವಲ್ರಿ?"

"ಟೀಚರೇ, ಕಂಬಳಿ ಹೀಗೆ ಎರಡು ಸಲ ಕೊಡವಿ ಹಾಸೋದು ಯಾಕೆ?"

"ನೀವು ಹರಪನಹಳ್ಳಿಯೋರಾಗಿ ಹಿಂಗ ಕೇಳ್ತೀರಲ್ರಿ! ಮನಿಗೆ ಹಿರೇರು ಬಂದ್ರ ಗದ್ದಿಗಿ ಹಾಕ್ತೀವಿ. ದೇವ್ರಿಗೂ ಇದ, ಮದುಮಕ್ಕಳಿಗೂ ಇದ. ಕರಿ ಕಂಬಳಿ ಮ್ಯಾಲೆ ಕುಂತ್ರ ಆ ಹೊತ್ತಿಗೆ ಅವರೇ ದೊಡ್ಡೋರು. ಇದು ಅವ್ವಂದು. ಮದ್ರಾಸಿನಾಗ ಅವ್ವಗ ಚಾದರ ಕೊಟ್ಟು ಇದನ್ನ ಹೊದ್ಕ ಅಂದಿದ್ರಂತ. ಅವ್ವ ಒಲ್ಲೆ ಅಂತ ತಾನು ಒಯ್ದಿದ್ದ ಈ ಕಂಬಳೀನ ಸಿನಿಮಾದಾಗ ಹಿಡಿದ್ಲಂತ."

ನಮ್ಮದು ಹರಪನಹಳ್ಳಿಯಲ್ಲಿ ಬಟ್ಟೆ ಅಂಗಡಿಯ ಮನೆತನ. ಕಂಬಳಿ ತರುವವರು ವರ್ಷ ವರ್ಷವೂ ಬಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೀಗೇ ಕೊಡವಿ, ಹಾಸಿ, ಅದರ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ಸರಕು ತೋರಿಸುತ್ತಿದ್ದಾರೆ ಎಂದು ನಾವು ತಿಳಿದಿದ್ದೆವು. ಅವರು ನಮ್ಮ ಕಟ್ಟೆಯ ಮೇಲೆ ತಮ್ಮ ಗದ್ದಿಗೆ ಹಾಕಿಕೊಂಡು ಕೂರುತ್ತಿದ್ದರು. ಹುಟ್ಟಿದಾಗಿನಿಂದ ಕಣ್ಣೆದುರಿಗಿದ್ದದ್ದನ್ನು ಕಣ್ಣು ಕಾಣದ ಟೀಚರು ತೋರಿಸಿದರು.

ಲ್ಯಾಪ್‌ಟಾಪ್ ತೆರೆದು ಅಲ್ಲಿಯೇ ದೃಶ್ಯ ಹಾಕಿದೆ. ನನ್ನ ಕಣ್ಣಿಗೆ ಈಗ ಕಾಣಿಸಿದ್ದನ್ನು ನಿಧಾನವಾಗಿ ಹೇಳುತ್ತ ಹೋದೆ. ಅವ್ವ ನೆಲಕ್ಕೆ ಕೂತಿಲ್ಲ. ಏಳು ತಲೆಮಾರಿನ ಯಜಮಾನನ ಕುರ್ಚಿಯ ಮುಂದೆ ಕಂಬಳಿ ಹಾಸಿ, ಅಂಗೈಯಿಂದ ಮಡಿಕೆ ಸವರಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಕೊಡವಿದ್ದು ಹಾಸುವುದಕ್ಕೆ. ಆ ಧೂಳಿಗೆ ಮನೆಮಂದಿಯೆಲ್ಲ ಸೀನಿ ಮುಖ ಕೆಡಿಸಿಕೊಂಡಾಗಲೇ ಫ್ಲ್ಯಾಶ್ ಹೊಳೆಯುತ್ತದೆ. ಇದು ಬರೆದವರ ಜಾಣತನವೋ, ಕ್ಯಾಮೆರಾ ಮುಂದೆ ಅವ್ವನೇ ಮಾಡಿದ್ದೋ ಗೊತ್ತಿಲ್ಲ. ಸಿನಿಮಾದ ಕ್ಯಾಮೆರಾ ಮಾತ್ರ ಅವರು ಸರಿಯಾಗಿ ಕೂರುವ ತನಕ ಕದಲದೆ ಕಾದಿದೆ.

ಗೋಡೆಯ ಫೋಟೋ ಬಂತು. ಅಲ್ಲಿ ನಿಲ್ಲಿಸಿ ದೊಡ್ಡದು ಮಾಡಿದೆ. ನಾನು ಬರೆದಿದ್ದ ಸಾಲು ನೆನಪಾಗಿ ತಲೆ ತಗ್ಗಿಸಿದೆ. "ಎಲ್ಲರ ಮುಖವೂ ಕೆಟ್ಟಿದೆ" ಎಂಬುದು ಸುಳ್ಳು. ಸೀನುವ ಹನ್ನೊಂದು ಮುಖಗಳು ಫ್ಲ್ಯಾಶಿನ ಬೆಳಕಿಗೆ ಬೆಳ್ಳಗೆ ಮಸುಕಾಗಿವೆ. ಮುಂದೆ ಕೂತ ಒಂದು ಮುಖ ಮಾತ್ರ ಕಡೆದಿಟ್ಟ ಹಾಗೆ ಸ್ಪಷ್ಟವಾಗಿದೆ. ಎರಡು ದೀಪ ಹೆಚ್ಚಿಗೆ ಕೇಳಿದ ಸಾಹೇಬರಿಗೆ ಚಿತ್ರ ಕೊಟ್ಟ ಉತ್ತರ ಅದು. ಆ ಮಾತು ಹೇಳಿಸಿದ್ದೇ ಈ ಉತ್ತರಕ್ಕೆಂದು ನನಗೆ ಆಗ ಹೊಳೆಯಿತು. ಸಂತೋಷಕ್ಕೆ ಜೋರಾಗಿಯೇ ನಕ್ಕುಬಿಟ್ಟೆ.

ಟೀಚರು ನಗಲಿಲ್ಲ. ಕಂಬಳಿಯ ಅಂಚನ್ನು ಬೆರಳಿನಿಂದ ತಿಕ್ಕುತ್ತ ಕೂತಿದ್ದರು. "ನೀವು ಈಗ ಹೇಳಿದ್ದು ಛಲೋ ಐತ್ರಿ. ಆದರ ನಗಿ ಹಿಂಗ ಬಿಡಿಸಿ ಹೇಳಿದ್ರ ಬರಂಗಿಲ್ಲ. ನನಗ ಮಂದಿ ಜೊತಿಗೆ ನಗಬೇಕೈತಿ. ಅವರು ನಕ್ಕಾಗ ನಾನೂ ನಗಬೇಕು."

ಸಮಸ್ಯೆ ಇದ್ದದ್ದು ಅಲ್ಲಿಯೇ. ಅವಳ ಮೊದಲ ಎರಡು ಸುತ್ತುಗಳೂ ನಡೆಯುವುದು ಯಜಮಾನನ ಮಾತಿನ ಅಡಿಯಲ್ಲಿ. ಹರಪನಹಳ್ಳಿಗೆ ವಾಪಸು ಬಂದು ಮೊದಲು ಚಿತ್ರವನ್ನು ನಡುವೆ ನಿಲ್ಲಿಸಿ ವಿವರ ಹೇಳಿ ನೋಡಿದೆ. ದೃಶ್ಯ ಸತ್ತುಹೋಯಿತು. ಮುಂಚೆಯೇ ಎಲ್ಲವನ್ನೂ ಹೇಳಿ ಆಮೇಲೆ ದೃಶ್ಯ ಬಿಟ್ಟೆ. ಗುಟ್ಟು ಮೊದಲೇ ರಟ್ಟಾಗಿ ನಗುವುದಕ್ಕೆ ಏನೂ ಉಳಿಯಲಿಲ್ಲ. ಮೂರು ದಿನ ಹೀಗೇ ಹೋಯಿತು. ಫ್ಯಾನು ಆರಿಸಿ, ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒರಗಿಸಿದ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಬೆವರುತ್ತ ಕೂತು, ನಾನೇ ಕಲಿಸುವ ಮೊದಲ ನಿಯಮವನ್ನು ಮುರಿಯುವುದೆಂದು ತೀರ್ಮಾನಿಸಿದೆ. ಯಜಮಾನನ ಮಾತಿನ ಮೇಲೆಯೇ ಮಾತಾಡುವುದು. ನಾಲ್ಕನೇ ತಲೆಮಾರಿನವನು ಹುಲಿಗೆ ಬುದ್ಧಿ ಹೇಳಿದವನು, ಐದನೆಯವನು ಕೆರೆಗೆ ಹೆದರಿಸಿ ನೀರು ತುಂಬಿಸಿದವನು. ಈ ಎರಡೂ ಕತೆಯ ದನಿ ತಗ್ಗಿಸಿ ಅವಳನ್ನು ಒಳಗೆ ಬಿಡುವುದು.

ಮೇಷ್ಟ್ರು ಹೌಹಾರಿದರು. "ಏನ್ರೀ ನೀವು, ಆ ಮಾತು ಕೇಳಾಕಂತಾನೇ ಜನ ಬರ್ತಾರೆ! ಹುಲಿ ಕತಿ ಇಲ್ದಿದ್ರೆ ನನ್ನ ಬೈತಾರ್ರಿ. ಮಾತೇ ಇಲ್ದಾಕಿ ಸಲುವಾಗಿ ನಾಯಕನ ಬಾಯಿ ಮುಚ್ಚಿಸ್ತೀರಾ?"

"ಹುಲಿ ಕತಿ ಎಲ್ರಿಗೂ ಬಾಯಿಪಾಠ ಐತಿ ಸಾರ್. ಈಕಿ ಬಂದಿದ್ದು ಯಾರಿಗೂ ಗೊತ್ತಿಲ್ಲ."

"ನಿಯಮ ಅಂತ ಒಂದು ಐತೋ ಇಲ್ಲೋ?"

"ಐತಿ ಸಾರ್. ನೀವು ಒಂದ್ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಬೇಡ ಅಂದ್ರೆ ತೆಗೀತೀನಿ."

ಮೇಷ್ಟ್ರು ಕಣ್ಣು ಮುಚ್ಚಿ, ಕೈಕಟ್ಟಿ, ಸಿಟ್ಟಿನಲ್ಲಿಯೇ ಕೇಳಿಸಿಕೊಂಡರು. ಪುರೋಹಿತ ಅವಳನ್ನು ಓಡಿಸಿದ ಮೇಲೆ ಅವರ ಹುಬ್ಬು ಮೇಲೇರಿತು. ಸೀನು ಬರುವ ಹೊತ್ತಿಗೆ ಕುರ್ಚಿ ಅಲುಗಾಡುವಂತೆ ನಗುತ್ತಿದ್ದರು. ಆಮೇಲೆ ಗಂಭೀರವಾಗಿ, "ಹುಲಿದು ಕೊನೀ ಮಾತು ಒಂದು ಉಳಿಸ್ರಿ," ಎಂದರು. ಉಳಿಸಿದೆ.

ಇನ್ನು ಉಳಿದದ್ದು ಸೆಕೆಂಡಿನ ಜಗಳ. ನಗೆಗೆ ಕಾಲು ಸೆಕೆಂಡು ಮುಂಚೆ ನನ್ನ ಕೊನೆಯ ಪದ ಬೀಳಬೇಕು. ತಡವಾದರೆ ಕಣ್ಣಿದ್ದವರು ನಕ್ಕ ಮೇಲೆ ಇವರು ನಗುತ್ತಾರೆ, ಬೇಗ ಹೇಳಿದರೆ ಇವರು ಮೊದಲು ನಕ್ಕು ಮುಜುಗರ ಪಡುತ್ತಾರೆ. ಯಜಮಾನನ ಪೇಟ, ಮೀಸೆ, ಕಣ್ಣೀರು ಎಲ್ಲವನ್ನೂ ಹೊಡೆದುಹಾಕಿದೆ. ಐದು ಸೆಕೆಂಡಿನ ಮೌನಕ್ಕೆ ಹೀಗೆ ಬರೆದೆ: "ಕಂಬಳಿ ಕೊಡವಿ, ಕುರ್ಚಿಗಳ ಮುಂದೆ ಗದ್ದಿಗೆ ಹಾಸಿ ಕೂರುತ್ತಾಳೆ." ಫಟ್ ಫಟ್ ಸದ್ದು ಬರುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ಅದಕ್ಕಾಗಿ ಸಾಲನ್ನು ಎರಡು ತುಂಡು ಮಾಡಿ ಹದಿನೇಳು ಸಲ ಓದಿದೆ. ಗೋಡೆಯ ಫೋಟೋದ ಮೂರು ಸೆಕೆಂಡಿಗೆ ಒಂದು ಪ್ರಶ್ನೆ ಉಳಿಯಿತು. ಮೈಬಣ್ಣವನ್ನು ಬೇರೆ ಯಾರಿಗೂ ಹೇಳಿಲ್ಲ, ಅವಳೊಬ್ಬಳಿಗೆ ಹೇಳಬಹುದೇ? ಟೀಚರನ್ನೇ ಕೇಳಿದೆ.

"ಕರ್ರಗಿದ್ಲು, ಕರ್ರಗ ಅನ್ರಿ. ಅದರಾಗ ಮುಚ್ಚೋದೇನೈತಿ? ದೀಪದ ಮಾತು ಮಂದಿ ಕಿವ್ಯಾಗ ಇರ್ತತಿ. ಅದಕ್ಕ ಜವಾಬು ಬೇಕಲ್ಲ."

"ಫೋಟೋದಲ್ಲಿ ಎಲ್ಲರೂ ಮಸುಕು. ಅವಳ ಕಪ್ಪು ಮುಖ ಸ್ಪಷ್ಟ" ಎಂದು ಓದಿ ಮುಗಿಸಿದೆ. ಕೆಲಸ ಮುಗಿಯಿತೆಂದು ಉಳಿದ ಚಿತ್ರವನ್ನು ಸುಮ್ಮನೆ ಓಡಿಸುತ್ತಿದ್ದಾಗ ಇನ್ನೊಂದು ಕಾಣಿಸಿತು. ಆ ಫೋಟೋ ಮುಂದೆ ಹಜಾರದ ಗೋಡೆಯಿಂದ ಇಳಿಯುವುದೇ ಇಲ್ಲ. ಯಜಮಾನ ಸಾಲಗಾರರಿಗೆ ಸುಳ್ಳು ಹೇಳುವುದು, ಅಡುಗೆಯವನು ಕೆಲಸ ಬಿಡುವುದು, ಅಕ್ಕ ಮೊದಲ ಸಲ ದನಿಯೇರಿಸುವುದು, ಎಲ್ಲವೂ ಆ ಫೋಟೋದ ಕೆಳಗೆ ನಡೆಯುತ್ತದೆ. ಅವಳು ಹಿಂದಿನಿಂದ ಎಲ್ಲರನ್ನೂ ನೋಡುತ್ತಿರುತ್ತಾಳೆ. ನಾನು ಹಜಾರದ ಒಂದೊಂದು ದೃಶ್ಯದಲ್ಲಿಯೂ ಒಂದು ಸಂದು ಹುಡುಕಿ ಒಂದೆರಡು ಪದ ಸೇರಿಸಿದೆ. ಇದನ್ನು ಟೀಚರಿಗೆ ಮೊದಲೇ ಹೇಳಲಿಲ್ಲ.

ಹಗರಿಬೊಮ್ಮನಹಳ್ಳಿಯ ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ. ಟೀಚರು ಮಧ್ಯದ ಸಾಲಿನಲ್ಲಿ, ಜನರ ನಡುವೆಯೇ ಜಾಗ ಕೇಳಿ ಕೂತರು. ಕುರ್ಚಿಯ ಮೇಲೆ ಕರಿ ಕಂಬಳಿ ಮಡಚಿ ಹಾಸಿಕೊಂಡಿದ್ದರು. ನಾನು ಗೋಡೆಗೆ ಒರಗಿ ಅವರ ಮುಖ ಕಾಣುವ ಹಾಗೆ ನಿಂತೆ. ಫೋಟೋ ದೃಶ್ಯ ಶುರುವಾಯಿತು.

ಎರಡು ದೀಪದ ಮಾತು ಬಂತು. ಯಾರೋ ಕಿಸಕ್ಕೆಂದರು. ಟೀಚರ ಬೆರಳು ಕಂಬಳಿಯ ಅಂಚು ಹುಡುಕಿತು. ಗುಮಾಸ್ತ ಅವಳನ್ನು ಹೊರಗೆ ಹಾಕಿದ, ಅವಳು ಬಲಗಡೆಯಿಂದ ಬಂದಳು. ಕಣ್ಣು ಕಾಣದವರ ಸಾಲುಗಳಿಂದ ಮೊದಲ ನಗೆ ಎದ್ದಿತು. ಪುರೋಹಿತ ಶಲ್ಯ ಬೀಸಿದ. "ಬರ್ತಾಳ, ಮತ್ತ ಬರ್ತಾಳ ನೋಡ್ಲೇ," ಎಂದು ಒಬ್ಬ ಮುದುಕ ಪಕ್ಕದವನ ತೊಡೆ ತಟ್ಟಿದ. ಅವನಿಗೂ ಕಣ್ಣು ಕಾಣುತ್ತಿರಲಿಲ್ಲ. ಫಟ್. ಫಟ್. ನನ್ನ ದನಿ ಗದ್ದಿಗೆ ಎಂದಿತು, ಕೂರುತ್ತಾಳೆ ಎಂದಿತು. ಸಭೆಗೆ ಸಭೆಯೇ ಒಂದೇ ಉಸಿರಿಗೆ ನಕ್ಕಿತು. ಟೀಚರು ಬಾಯಿಗೆ ಸೆರಗು ಒತ್ತಿಕೊಂಡು, ಆಮೇಲೆ ಸೆರಗು ಬಿಟ್ಟು, ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರ ನಗೆ ಎಲ್ಲರ ನಗೆಯೊಳಗೆ ಸೇರಿಹೋಗಿ ನನಗೆ ಬೇರೆಯಾಗಿ ಕೇಳಿಸಲಿಲ್ಲ.

ಹಜಾರದ ದೃಶ್ಯಗಳು ಬರತೊಡಗಿದವು. "ಹಿಂದೆ ಗೋಡೆಯ ಮೇಲೆ ಅವಳು," ಎಂದಿತು ನನ್ನ ದನಿ. ಟೀಚರು ಬೆಚ್ಚಿ ನೆಟ್ಟಗೆ ಕೂತರು. ಇನ್ನೊಂದು ದೃಶ್ಯ, "ಗೋಡೆಯ ಮೇಲೆ ಅವಳು." ಮೂರನೆಯ ಸಲಕ್ಕೆ ಅವರು ಪಕ್ಕದವಳ ಕೈ ಹಿಡಿದು, "ಇನ್ನೂ ಅಲ್ಲೇ ಅದಾಳ," ಎಂದದ್ದು ನಾನಿದ್ದಲ್ಲಿಗೂ ಕೇಳಿಸಿತು. ಚಿತ್ರದ ಕೊನೆಗೆ ಯಜಮಾನ ಮನೆಯನ್ನು ಕಳೆದುಕೊಂಡು ಎಲ್ಲರನ್ನೂ ಕರೆದುಕೊಂಡು ಎತ್ತಿನ ಗಾಡಿಯಲ್ಲಿ ಹೊರಡುತ್ತಾನೆ. ಗಾಡಿಯ ಗೆಜ್ಜೆ ದೂರವಾಗುತ್ತದೆ. ಕ್ಯಾಮೆರಾ ಒಂದು ಗಳಿಗೆ ಮನೆಯೊಳಗೇ ಉಳಿಯುತ್ತದೆ. ಅಲ್ಲಿ ಯಾರ ಮಾತೂ ಇಲ್ಲ, ನನಗೆ ಬೇಕಾದಷ್ಟು ಸೆಕೆಂಡುಗಳಿದ್ದವು. ಆದರೂ ಬರೆದದ್ದು ನಾಲ್ಕೇ ಪದ: "ಹಜಾರ ಖಾಲಿ. ಗೋಡೆಯಲ್ಲಿ ಅವಳು."

ಜನ ಎದ್ದು ಹೋದ ಮೇಲೂ ಟೀಚರು ಕೂತೇ ಇದ್ದರು. ಹತ್ತಿರ ಹೋದೆ. ನನ್ನ ಬಳೆಯ ಸದ್ದಿಗೆ ಮುಖ ಎತ್ತಿದರು.

"ಅರವತ್ತು ವರ್ಷ ನಮ್ಮವ್ವ ಸುಳ್ಳು ಹೇಳಿದ್ಲು ಅನ್ಕಂಡಿದ್ನೆಲ್ರಿ," ಎಂದರು. "ಖರೇನ ಹೇಳಿದ್ಲು. ಫೋಟೋದಾಗ ಬಂದಿದ್ಲು, ಅದಕ್ಕ ನಕ್ರು."